ಲೊಫೋಟೆನ್ ಕಡಲಿಗೆ ಯಾವ ದೋಣಿ? ಮೂರೂ ಹತ್ತಿ ನೋಡಿದ ಮೇಲೆ

ಮೊದಲೇ ಹೇಳಿಬಿಡ್ತೀನಿ. ನಾರ್ವೆಯ ಉತ್ತರ ಕರಾವಳಿ ನೋಡೋಕೆ ನಿಮ್ಮ ಕೈಯಲ್ಲಿ ಐದೇ ದಿನ ಇದ್ದರೆ ಹಾಯಿದೋಣಿ ಬೇಡ. ಹತ್ತು ದಿನ ಇದ್ದರೆ ಬೇರೆ ಯಾವುದೂ ಬೇಡ.

ಕಳೆದ ಜೂನ್‌ನಲ್ಲಿ ನಾನು, ಹೆಂಡತಿ, ಅಣ್ಣ, ವೈನಿ ನಾಲ್ವರೂ ಬಾಗಲಕೋಟೆಯಿಂದ ಹೋಗಿ ಬಂದೆವು. ಬೋಡೊ ಎಂಬ ಊರಿಂದ ಶುರು, ಲೊಫೋಟೆನ್ ದ್ವೀಪಗಳ ನಡುವೆ ಓಡಾಟ. ಹೋಗುವಾಗ ಕರಾವಳಿ ಹಡಗು, ಅಲ್ಲಿ ಎಂಟು ದಿನ ಬಾಡಿಗೆ ಹಾಯಿದೋಣಿ, ಬರುವಾಗ ಎಕ್ಸ್‌ಪ್ರೆಸ್ ಬೋಟು. ಊರಿಗೆ ಬಂದ ಮೇಲೆ ನವನಗರದಲ್ಲಿ ಸಿಕ್ಕ ಸಿಕ್ಕವರೆಲ್ಲ ಇದನ್ನೇ ಕೇಳ್ತಿದ್ದಾರೆ: ಯಾವುದು ಚಲೋ?

ಅಣ್ಣ ನೀರಾವರಿ ಕೆಲಸದಲ್ಲಿದ್ದು ನಿವೃತ್ತನಾದವನು. ನಮ್ಮ ಹಳೇ ಮನೆಯ ಓಣಿ ಆಲಮಟ್ಟಿ ಹಿನ್ನೀರಿಗೆ ಹೋಯಿತು. ನೀರು ಅಂದರೆ ಅವನಿಗೆ ಅಳತೆಯೂ ಹೌದು, ನೆನಪೂ ಹೌದು. ಬೋಡೊ ಹತ್ತಿರ ಸಾಲ್ಟ್‌ಸ್ಟ್ರೌಮೆನ್ ಎಂಬ ಕಿರಿದಾದ ಜಲಸಂಧಿ ಇದೆ. ಅಗಲ ಸುಮಾರು 150 ಮೀಟರ್. ಉಬ್ಬರ ಇಳಿತದ ನೀರೆಲ್ಲ ಅದರಲ್ಲೇ ನುಗ್ಗಬೇಕು. ಆರು ಗಂಟೆಗೊಮ್ಮೆ ಸುಮಾರು 40 ಕೋಟಿ ಘನ ಮೀಟರ್ ನೀರು ಆ ಕಡೆಯಿಂದ ಈ ಕಡೆಗೆ, ಮತ್ತೆ ಈ ಕಡೆಯಿಂದ ಆ ಕಡೆಗೆ. ಸೇತುವೆ ಮೇಲೆ ನಿಂತು ಅಣ್ಣ ಮೊಬೈಲ್‌ನಲ್ಲಿ ಲೆಕ್ಕ ಹಾಕಿದ. 14 ಟಿಎಂಸಿ. ಸೆಕೆಂಡಿನ ಲೆಕ್ಕದಲ್ಲಿ ಆರೂವರೆ ಲಕ್ಷ ಕ್ಯೂಸೆಕ್ಸ್. "ತಮ್ಮಾ, ಒಂಬತ್ತ ಸಲ ಹಿಂಗ ಹರದ್ರ ನಮ್ಮ ಆಲಮಟ್ಟಿ ತುಂಬತದಲ್ಲೋ" ಅಂದ. ಕೆಳಗೆ ನೀರು ಸುಳಿ ಸುತ್ತುತ್ತಾ ಹಸಿರು, ಬಿಳಿ ಆಗ್ತಿತ್ತು. ನೀರು ತಿರುಗುವ ಮೊದಲು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಚಿಕ್ಕ ದೋಣಿಗಳು ಅಷ್ಟರಲ್ಲೇ ದಾಟಬೇಕು. ಅಲ್ಲಿ ಗಡಿಯಾರಕ್ಕಿಂತ ಉಬ್ಬರದ ಪಟ್ಟಿ ಮುಖ್ಯ ಅಂತ ನನಗೆ ಮೊದಲು ತಿಳಿದದ್ದು ಆ ಸೇತುವೆ ಮೇಲೆ.

ಕರಾವಳಿ ಹಡಗಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. 1893ರಲ್ಲಿ ರಿಚರ್ಡ್ ವಿತ್ ಎಂಬ ಕ್ಯಾಪ್ಟನ್ ಶುರು ಮಾಡಿದ ಸೇವೆ. ಈಗ ಬರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ 34 ಬಂದರು, ಹೋಗಿ ಬರಲು 12 ದಿನ. ಪೂರ್ತಿ ಹೋಗಲೇಬೇಕು ಅಂತಿಲ್ಲ. ನಮ್ಮ ಬಸ್ಸಿನ ಹಾಗೆ ಒಂದು ಬಂದರಿಂದ ಇನ್ನೊಂದಕ್ಕೆ ಟಿಕೆಟ್ ಕೊಡ್ತಾರೆ, ಕ್ಯಾಬಿನ್ ಬೇಕಿಲ್ಲ. ನಾವು ಮಧ್ಯಾಹ್ನ ಬೋಡೊ ಬಿಟ್ಟು ರಾತ್ರಿ 9 ದಾಟಿದ ಮೇಲೆ ಲೊಫೋಟೆನ್‌ನ ಸ್ವೋಲ್ವರ್‌ನಲ್ಲಿ ಇಳಿದೆವು. ನಡುವಿನ ವೆಸ್ಟ್‌ಫ್ಯೋರ್ಡ್ ಎಂಬ ಕಡಲು ದಾಟುವಾಗ ಎದುರಿಗೆ ಬೆಟ್ಟಗಳ ಸಾಲು ಮೆಲ್ಲಗೆ ಮೇಲೇಳುತ್ತದೆ. ಅಲ್ಲಿಯವರು ಅದಕ್ಕೆ ಲೊಫೋಟೆನ್ ಗೋಡೆ ಅಂತಲೇ ಹೆಸರಿಟ್ಟಿದ್ದಾರೆ. ಆ ನೋಟಕ್ಕೆ ಹಡಗಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಮಂಡಿ ನೋವಿದ್ದವರಿಗೆ ಲಿಫ್ಟ್, ಬಿಸಿ ಊಟ, ಸ್ವಚ್ಛ ಟಾಯ್ಲೆಟ್ ಎಲ್ಲಾ ಇದೆ. ಆದರೆ ನೀರು ತುಂಬಾ ಕೆಳಗೆ. ಗಾಜಿನ ಹಿಂದೆ ಕೂತು ನೋಡಿದ ಹಾಗೆ. ಒಂದು ಮಧ್ಯಾಹ್ನಕ್ಕೆ ಸಾಕು.

ಎಕ್ಸ್‌ಪ್ರೆಸ್ ಬೋಟು ಊರಿನವರ ಬೋಟು. ತಳದಲ್ಲಿ ಎರಡು ಒಡಲು ಜೋಡಿಸಿದ, ಜೋರಾಗಿ ಓಡುವ ದೋಣಿ. ಸ್ವೋಲ್ವರ್‌ನಿಂದ ಬೋಡೊಗೆ ಮೂರೂವರೆ ಗಂಟೆ. ದಾರಿಯಲ್ಲಿ ಸ್ಕ್ರೋವಾ, ನೂರ್ಡ್‌ಸ್ಕೋಟ್ ತರಹದ ಪುಟ್ಟ ಜಾಗಗಳಲ್ಲಿ ಒಂದೆರಡು ನಿಮಿಷ ನಿಲ್ಲುತ್ತದೆ. ಶಾಲೆ ಹುಡುಗರು, ದಿನಸಿ ಚೀಲ, ನಾಯಿ, ಸೈಕಲ್ ಹತ್ತುತ್ತವೆ, ಇಳಿಯುತ್ತವೆ. ಇಲ್ಲಿ ಕೃಷ್ಣೆ ದಾಟುವ ದೋಣಿಯಲ್ಲಿ ಬೈಕು, ಮೇವಿನ ಹೊರೆ ಏರಿಸುವುದು ನೆನಪಾಯಿತು. ಖರ್ಚು ಕಡಿಮೆ, ಮೂರರಲ್ಲಿ ಇದೇ ಅಗ್ಗ. ಒಂದೊಂದು ದ್ವೀಪದಲ್ಲಿ ಒಂದೊಂದು ರಾತ್ರಿ ಉಳಿದು, ಮರುದಿನದ ಬೋಟು ಹಿಡಿದು ಮುಂದೆ ಹೋಗಬಹುದು. ದೋಣಿ ನಡೆಸೋಕೆ ಬಾರದವರಿಗೂ ದ್ವೀಪದ ಬದುಕು ಹತ್ತಿರದಿಂದ ಸಿಗುತ್ತದೆ.

ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಕೆಲವು ಚಿಕ್ಕ ಧಕ್ಕೆಗಳಿಗೆ ಬೋಟು ಸುಮ್ನೆ ಬರೋದಿಲ್ಲ. ಹತ್ತುವವರಿದ್ದಾರೆ ಅಂತ ಮುಂಚೆಯೇ ತಿಳಿಸಿದರೆ ಮಾತ್ರ ಬರುತ್ತದೆ. ನಮಗೆ ಟಿಕೆಟ್ ಮಾಡಿಸಿಕೊಟ್ಟ ಏಜೆಂಟ್ ಇದನ್ನು ಹೇಳಲೇ ಇಲ್ಲ. ನಾವು ನಾಲ್ಕು ಪೆಟ್ಟಿಗೆ ಇಟ್ಟುಕೊಂಡು, ಮಳೆಯಲ್ಲಿ, ಕಟ್ಟಿಗೆ ಧಕ್ಕೆಯ ಮೇಲೆ ನಿಂತಿದ್ದೆವು. ಬೋಟು ದೂರದಲ್ಲೇ ಬಿಳಿ ಗೆರೆ ಎಳೆದು ಹೋಗಿಬಿಟ್ಟಿತು. ವೈನಿ ಕೈ ಬೀಸುತ್ತಲೇ ಇದ್ದರು. ಮುಂದಿನದು ಮರುದಿನ. ಶನಿವಾರ, ಭಾನುವಾರದ ವೇಳಾಪಟ್ಟಿಯೂ ಬೇರೆ ಇರುತ್ತದೆ, ನೋಡಿಕೊಳ್ಳಿ. ಇನ್ನೊಂದು: ತೆರೆ ಇದ್ದ ದಿನ ಈ ಬೋಟು ನೀರಿಗೆ ಬಡಿದು ಬಡಿದು ಓಡುತ್ತದೆ. ವಾಂತಿ ಆದದ್ದು ನಮಗೆ ಇದರಲ್ಲೇ, ಹಾಯಿದೋಣಿಯಲ್ಲಿ ಅಲ್ಲ.

ಈಗ ಹಾಯಿದೋಣಿ. 40 ಅಡಿಯ ದೋಣಿ, ಜೊತೆಗೆ ಅರವತ್ತು ದಾಟಿದ ಸ್ಥಳೀಯ ಸ್ಕಿಪ್ಪರ್, ಅಂದರೆ ದೋಣಿ ನಡೆಸುವವ. ನಮಗೆ ಎರಡು ಕ್ಯಾಬಿನ್, ಒಂದೊಂದು ನಮ್ಮ ಮನೆಯ ದೇವರ ಕೋಣೆಯಷ್ಟು. ಓಟ ತಾಸಿಗೆ ಹತ್ತು ಕಿಲೋಮೀಟರ್. ಬಾಗಲಕೋಟೆಯ ಟಾಂಗಾ ಇದಕ್ಕಿಂತ ಜೋರಾಗಿ ಓಡ್ತಿತ್ತು ಅಂತ ಅಣ್ಣ ಮೊದಲ ದಿನ ಬೇಸರಪಟ್ಟ. ಮೂರನೇ ದಿನಕ್ಕೆ ಚುಕ್ಕಾಣಿ ಅವನ ಕೈಯಲ್ಲಿತ್ತು, ಯಾರಿಗೂ ಕೊಡಲಿಲ್ಲ.

ಲೈಫ್ ಜಾಕೆಟ್ ಇಲ್ಲದೆ ಮೇಲೆ ಬರುವಂತಿಲ್ಲ. ಅಲ್ಲಿನ ಕಾನೂನು ಎಂಟು ಮೀಟರ್‌ಗಿಂತ ಚಿಕ್ಕ ದೋಣಿಗೆ ಮಾತ್ರ ಕಡ್ಡಾಯ ಮಾಡಿದೆ. ನಮ್ಮದು ದೊಡ್ಡದು, ಆದರೂ ಸ್ಕಿಪ್ಪರ್ ಬಿಡಲಿಲ್ಲ. ನೀರಿನಲ್ಲಿ ಕೈ ಅದ್ದಿ ಹಿಡಿಯಿರಿ ಅಂದ. ಒಂದು ನಿಮಿಷದಲ್ಲಿ ಬೆರಳು ಮರಗಟ್ಟಿದವು. ನಾನು ಕೃಷ್ಣೆ ದಾಟುವಾಗ ಒಮ್ಮೆಯೂ ಜಾಕೆಟ್ ಹಾಕಿದವನಲ್ಲ. ಇನ್ನು ಮೇಲೆ ಹಾಕ್ತೀನಿ.

ಎರಡನೇ ರಾತ್ರಿ ಒಂದು ಹಳೇ ಕಟ್ಟಿಗೆ ಧಕ್ಕೆಗೆ ಕಟ್ಟಿದ್ದೆವು. ಸಂಜೆ ದೋಣಿಯ ಅಂಚು, ಧಕ್ಕೆ ಎರಡೂ ಸಮ ಇದ್ದವು. ಹೆಂಡತಿ ಹೆಜ್ಜೆ ಇಟ್ಟು ಇಳಿದಳು. ಬೆಳಿಗ್ಗೆ ನೋಡಿದರೆ ಧಕ್ಕೆ ನಮ್ಮ ತಲೆಯ ಮೇಲಿತ್ತು, ಹತ್ತುವುದಕ್ಕೆ ಪಾಚಿ ಹಿಡಿದ ಏಣಿ. ಎರಡು ಮೀಟರ್ ನೀರು ಇಳಿದಿತ್ತು. ಹಿಂದಿನ ರಾತ್ರಿ ಸ್ಕಿಪ್ಪರ್ ಹಗ್ಗವನ್ನು ಅಷ್ಟು ಸಡಿಲ ಬಿಟ್ಟಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಬಿಗಿಯಾಗಿ ಕಟ್ಟಿದ್ದರೆ ದೋಣಿ ಗೋಡೆಗೆ ನೇತಾಡುತ್ತಿತ್ತು.

ನಾಲ್ಕನೇ ದಿನ ಗಾಳಿ. ಅಲ್ಲಿ ಎಲ್ಲರೂ ವೈಆರ್ ಎಂಬ ಹವಾಮಾನ ಆಪ್ ನೋಡ್ತಾರೆ, ಅಲ್ಲಿನ ಹವಾಮಾನ ಸಂಸ್ಥೆ ಮತ್ತು ರೇಡಿಯೋ ಸೇರಿ ನಡೆಸುವುದು. ಅದರಲ್ಲಿ 'ಕೂಲಿಂಗ್' ಎಂಬ ನಾರ್ವೆ ಭಾಷೆಯ ಪದ ಬಂದರೆ ಸೆಕೆಂಡಿಗೆ 11 ಮೀಟರ್‌ಗಿಂತ ಜೋರಾದ ಗಾಳಿ ಅಂತ ಅರ್ಥ. ನಮ್ಮ ಸ್ಕಿಪ್ಪರ್ ಆ ಪದ ಕಂಡರೆ ಹಗ್ಗ ಬಿಚ್ಚೋದಿಲ್ಲ. ಹೆನ್ನಿಂಗ್ಸ್‌ವರ್‌ನಲ್ಲಿ ಎರಡು ದಿನ ಕಟ್ಟಿ ಕೂತೆವು. ಮೊದಲ ದಿನ ನನಗೆ ತುಂಬಾ ಸಂಕಟ. ಇಷ್ಟು ದುಡ್ಡು ಕೊಟ್ಟು, ಇಷ್ಟು ದೂರ ಬಂದು, ಹಗ್ಗಕ್ಕೆ ಕಟ್ಟಿಕೊಂಡು ಕೂರೋದಾ? ಆದರೆ ಆ ಊರಿನ ಬಂಡೆಯ ತುದಿಯಲ್ಲಿ ಒಂದು ಫುಟ್‌ಬಾಲ್ ಮೈದಾನ ಇದೆ, ಸುತ್ತ ಕಾಡ್ ಮೀನು ಒಣಹಾಕುವ ಕಟ್ಟಿಗೆ ಚಪ್ಪರ. ಮೀನು ಹೆಚ್ಚುಕಡಿಮೆ ಇಳಿಸಿಯಾಗಿತ್ತು, ವಾಸನೆ ಮಾತ್ರ ಉಳಿದಿತ್ತು. ವೈನಿ ಸೆರಗು ಮೂಗಿಗೆ ಹಿಡಿದೇ ಹುಡುಗರ ಆಟ ನೋಡಿದರು. ಎರಡನೇ ಸಂಜೆ ಆ ಹುಡುಗರು ನಮ್ಮನ್ನು ಗುರುತು ಹಿಡಿದು ಕೈ ಎತ್ತಿದರು. ವೇಳಾಪಟ್ಟಿಯ ದೋಣಿಯಲ್ಲಿ ಬಂದಿದ್ದರೆ ಆ ಊರಿಗೆ ನಾವು ಎರಡು ತಾಸಿನ ನೆಂಟರು.

ಟ್ರೋಲ್‌ಫ್ಯೋರ್ಡ್ ಎಂಬ ಕಿರಿದಾದ ಕಡಲ ಕೊಲ್ಲಿಯ ವಿಷಯಕ್ಕೆ ಬಂದರೆ ಹೋಲಿಕೆಯೇ ಮುಗಿಯುತ್ತದೆ. ಬಾಯಿ ಬರೀ ನೂರು ಮೀಟರ್, ಉದ್ದ ಎರಡು ಕಿಲೋಮೀಟರ್, ಎರಡೂ ಕಡೆ ನೆಟ್ಟಗೆ ಬಂಡೆ. 1890ರಲ್ಲಿ ಇಲ್ಲೇ ಜಗಳ ಆಗಿತ್ತು. ಒಳಗೆ ಮೀನು ತುಂಬಿದ್ದಾಗ ಹಬೆ ಹಡಗಿನವರು ಬಾಯಿಗೆ ಬಲೆ ಕಟ್ಟಿ ಚಿಕ್ಕ ದೋಣಿಗಳನ್ನು ಹೊರಗಿಟ್ಟರು. ಬೆಸ್ತರು ನುಗ್ಗಿ ಒಳಗೆ ಹೋದರು. ನಾವು ರಾತ್ರಿ 11ಕ್ಕೆ ಒಳಗೆ ಹೋಗಿ ಎಂಜಿನ್ ಬಂದ್ ಮಾಡಿದೆವು. ಅಲ್ಲಿ ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಸೂರ್ಯ ಮುಳುಗುವುದಿಲ್ಲ. ಬಂಡೆಯ ನೆತ್ತಿ ಮೇಲೆ ಅರಿಶಿನದ ಬಣ್ಣ, ಕೆಳಗೆ ನಾವು ನೆರಳಲ್ಲಿ. ಬಂಡೆಯಿಂದ ನೀರು ತೊಟ್ಟಿಕ್ಕುವ ಸದ್ದು ಎಣಿಸಬಹುದಿತ್ತು. 12ರ ಹೊತ್ತಿಗೆ ಕರಾವಳಿ ಹಡಗು ಬಂತು, ನಾವು ಹಿಂದೆ ಹತ್ತಿದ್ದಂಥದ್ದೇ. ಇದ್ದಲ್ಲೇ ಗಿರ್ರನೆ ತಿರುಗಿತು. ಮೇಲಿನ ಅಂತಸ್ತಿನಿಂದ ನೂರಾರು ಮೊಬೈಲ್. ಹದಿನೈದು ನಿಮಿಷದಲ್ಲಿ ಹೊರಟೇಹೋಯಿತು. ನಾವು ಎರಡು ಗಂಟೆಯವರೆಗೆ ಅಲ್ಲೇ ಇದ್ದೆವು. ಯಾರೂ ಮಾತಾಡಲಿಲ್ಲ.

ಊಟದ ಚಿಂತೆ ನಮ್ಮಂಥ ಸಸ್ಯಾಹಾರಿಗಳಿಗೆ ಜಾಸ್ತಿ, ಅಲ್ವಾ? ಹಾಯಿದೋಣಿಯಲ್ಲಿ ಒಲೆ ನಿಮ್ಮದೇ. ದೋಣಿ ವಾಲಿದಂತೆ ಒಲೆಯೂ ತೂಗುತ್ತದೆ, ಪಾತ್ರೆ ಚೆಲ್ಲುವುದಿಲ್ಲ. ನಾವು 80 ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಕಡಲೆ ಹಿಟ್ಟು ಒಯ್ದಿದ್ದೆವು. ಕಡಲಲ್ಲಿ ಖಡಕ್ ರೊಟ್ಟಿಯಂಥ ಪದಾರ್ಥ ಇಲ್ಲ: ಕೆಡುವುದಿಲ್ಲ, ಬೇಯಿಸಬೇಕಿಲ್ಲ, ಹೊಟ್ಟೆ ತೊಳಸಿದಾಗ ಚೂರು ಬಾಯಿಗೆ ಹಾಕಿಕೊಂಡರೆ ಸರಿಹೋಗುತ್ತದೆ. ಆದರೆ ರೊಟ್ಟಿಯನ್ನು ಗಟ್ಟಿ ಡಬ್ಬಿಯಲ್ಲಿ ಇಡಿ, ಚೀಲದಲ್ಲಿಟ್ಟ ನಮ್ಮ ಇಪ್ಪತ್ತು ರೊಟ್ಟಿ ನುಚ್ಚಾದವು. ಹಾಲಿನ ಸಿಹಿ ಒಯ್ಯಬೇಡಿ, ಯುರೋಪಿನ ಹೊರಗಿಂದ ಹಾಲಿನ ಪದಾರ್ಥ ಬಿಡೋದಿಲ್ಲ. ಅಲ್ಲೇ ಬ್ರೂನೋಸ್ಟ್ ಎಂಬ ಕಂದು ಚೀಸ್ ಸಿಗುತ್ತದೆ. ಹಾಲೊಡಕನ್ನು ಕಂದಾಗುವವರೆಗೆ ಕುದಿಸಿ ಮಾಡುವುದು. ಬೆಳಗಾವಿ ಕುಂದಾಕ್ಕೆ ಉಪ್ಪು ಹಾಕಿದ ರುಚಿ. ಅಣ್ಣ ದಿನಾ ರೊಟ್ಟಿಗೆ ಅದನ್ನೇ ಹಚ್ಚಿಕೊಂಡ.

ದುಡ್ಡು ಹಾಯಿದೋಣಿಗೇ ಜಾಸ್ತಿ ಹೋಯಿತು, ಮುಚ್ಚಿಡೋದಿಲ್ಲ. ನಾಲ್ವರ ಬದಲು ಆರು ಜನ ಹಂಚಿಕೊಂಡರೆ ಹಗುರ. ತೀರಾ ವಯಸ್ಸಾದವರನ್ನು, ಕಡಿದಾದ ಏಣಿ ಹತ್ತಲಾಗದವರನ್ನು ಕರೆದೊಯ್ಯಬೇಡಿ. ಅವರಿಗೆ ಹಡಗಿನ ಒಂದು ಮಧ್ಯಾಹ್ನ, ಆಮೇಲೆ ಎಕ್ಸ್‌ಪ್ರೆಸ್ ಬೋಟಿನಲ್ಲಿ ಎರಡು ದ್ವೀಪ. ಮತ್ತೆ, ವಿಮಾನದ ಟಿಕೆಟ್ ಮಾಡಿಸುವಾಗ ಕೊನೆಗೆ ಎರಡು ದಿನ ಖಾಲಿ ಬಿಡಿ. ನಮ್ಮನ್ನು ಉಳಿಸಿದ್ದು ಆ ಎರಡು ದಿನ: ಒಂದನ್ನು ಗಾಳಿ ತಿಂದಿತು, ಇನ್ನೊಂದನ್ನು ನಿಲ್ಲದೆ ಹೋದ ಆ ಬೋಟು.

ಅಣ್ಣ ಈಗ ಬೋಡೊದಿಂದ ದಕ್ಷಿಣಕ್ಕೆ ಇರುವ ವೇಗಾ ದ್ವೀಪಗಳ ನಕಾಶೆ ಹರವಿಕೊಂಡು ಕೂತಿದ್ದಾನೆ. 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ಅಲ್ಲಿನವರು ಕಾಡು ಬಾತುಕೋಳಿಗೆ ಪುಟ್ಟ ಮನೆ ಕಟ್ಟಿಕೊಟ್ಟು, ಅವು ಬಿಟ್ಟುಹೋದ ತುಪ್ಪಳ ಆರಿಸುತ್ತಾರಂತೆ. ನಿನ್ನೆ ಫೋನ್ ಮಾಡಿ ಕೇಳಿದ, "ಅಲ್ಲಿ ನೀರ ಎಷ್ಟ ಏರತದೋ ತಮ್ಮಾ? ಹಗ್ಗ ಎಷ್ಟ ಸಡ್ಲ ಬಿಡಬೇಕು?"