ವಾಕರಿಕೆ ಬಂದಾಗ ಕಿಟಕಿಯ ಪಕ್ಕ ಸ್ಟೂಲ್ ಎಳೆದುಕೊಡುವ ಜಿಮ್

ಉಡುಪಿಯಲ್ಲಿ ಅಜ್ಜರಕಾಡಿನಿಂದ ಬ್ರಹ್ಮಗಿರಿಯ ಕಡೆಗೆ ಹೋಗುವಾಗ ಒಂದು ಹೊಲಿಗೆ ಅಂಗಡಿ ಸಿಗುತ್ತದೆ. ಅದರ ಮೇಲೆ, ಎರಡನೆಯ ಮಹಡಿಯಲ್ಲಿ, ಹೆಂಗಸರಿಗಾಗಿಯೇ ಇರುವ ಪುಟ್ಟ ಜಿಮ್ ಒಂದಿದೆ. ಜನವರಿಯಿಂದ ನಾನು ಅಲ್ಲಿಗೆ ಹೋಗುತ್ತಿದ್ದೇನೆ. ಒಂದು ಬ್ಯಾಚಿಗೆ ಎಂಟೇ ಜನ. ಅದಕ್ಕಿಂತ ಹೆಚ್ಚು ಮಂದಿ ಬಂದರೆ ನೋಡಿಕೊಳ್ಳಲು ಆಗುವುದಿಲ್ಲ, ದಯವಿಟ್ಟು ಜಿಮ್ಮಿನ ಹೆಸರು ಬರೆಯಬೇಡಿ ಎಂದು ನಡೆಸುವವರೇ ಕೇಳಿಕೊಂಡಿದ್ದಾರೆ. ಬೇಕಾದವರು ಬೆಳಗ್ಗೆ ಭುಜಂಗ ಪಾರ್ಕಿನಲ್ಲಿ ನಡೆಯಲು ಬರುವ ಹೆಂಗಸರನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ನನ್ನಂಥವರಿಗಾಗಿ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ವೈದ್ಯರ ಮಾತು ಕೇಳಿ ವ್ಯಾಯಾಮಕ್ಕೆ ಹೊರಟು, ಹತ್ತು ನಿಮಿಷಕ್ಕೆಲ್ಲ ಹೊಟ್ಟೆ ತೊಳಸಿ ಮನೆಗೆ ಬಂದು ಮಲಗುವವರು ನಮ್ಮ ಊರಲ್ಲಿ ನಾನೊಬ್ಬಳೇ ಅಲ್ಲ ಎಂದು ಈ ಆರು ತಿಂಗಳಲ್ಲಿ ಗೊತ್ತಾಗಿದೆ.

ನನಗೆ ನಲವತ್ತಾರು ವರ್ಷ. ಒಂದು ಸಹಕಾರಿ ಸಂಘದಲ್ಲಿ ಕ್ಯಾಶಿಯರ್. ಕಳೆದ ಆಗಸ್ಟಿನಲ್ಲಿ ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಆಗ 112 ಕಿಲೋ ಇದ್ದೆ, ಮೆಟ್ಟಿಲು ಇಳಿಯುವಾಗ ಎರಡೂ ಮಂಡಿ ಕೂಗುತ್ತಿದ್ದವು, ರಕ್ತದೊತ್ತಡಕ್ಕೆ ಎರಡು ಮಾತ್ರೆ ನುಂಗುತ್ತಿದ್ದೆ. ನನಗೆ ಮಾಡಿದ್ದು ಸ್ಲೀವ್ ಎನ್ನುವ ಬಗೆ. ಜಠರದ ಸುಮಾರು ಶೇಕಡಾ 75ರಿಂದ 80 ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ, ಉಳಿಯುವುದು ಬಾಳೆಹಣ್ಣಿನ ಆಕಾರದ ಸಪೂರ ಕೊಳವೆ. ಮೊದಲು ತಿಳಿ, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದ್ದು ಎಂದು ಮಗುವಿಗೆ ಅನ್ನ ಕಲಿಸುವಂತೆ ಹೊಟ್ಟೆಗೆ ಮತ್ತೆ ಕಲಿಸಬೇಕು. ಗಂಜಿಯ ತೆಳಿ ನನ್ನನ್ನು ಆ ದಿನಗಳಲ್ಲಿ ಕಾಪಾಡಿತು. ಊಟದ ಬಗ್ಗೆ ಆಸ್ಪತ್ರೆಯಲ್ಲಿ ಚೆನ್ನಾಗಿಯೇ ಹೇಳಿಕೊಟ್ಟಿದ್ದರು. ವ್ಯಾಯಾಮದ ಬಗ್ಗೆ ಚೀಟಿಯಲ್ಲಿದ್ದದ್ದು ಒಂದೇ ಸಾಲು: ಮೊದಲ ಆರು ವಾರ ಭಾರ ಎತ್ತಬಾರದು, ನಡೆಯಬೇಕು, ಅನಂತರ ನಿಧಾನವಾಗಿ ಹೆಚ್ಚಿಸಬೇಕು.

ನಿಧಾನ ಎಂದರೆ ಎಷ್ಟು ನಿಧಾನ ಎನ್ನುವುದು ಗೊತ್ತಾಗದೆ ನವೆಂಬರಿನಲ್ಲಿ ಬೇರೊಂದು ದೊಡ್ಡ ಜಿಮ್ಮಿಗೆ ಸೇರಿ ಮೂರು ತಿಂಗಳ ಹಣ ಕಟ್ಟಿದ್ದೆ. ಅಲ್ಲಿ ಐದನೆಯ ದಿನ ಸೈಕಲ್ ತುಳಿಯುವಾಗ ಕಿವಿಯ ಹಿಂದೆ ತಣ್ಣಗೆ ಬೆವರು ಒಡೆಯಿತು. ನಾಲಿಗೆಯ ಅಡಿಯಲ್ಲಿ ನೀರು ತುಂಬಿ ಬಂತು. ಕಲಿಸುವ ಹುಡುಗ, "ವಾಂತಿ ಬಂದರೆ ಬರಲಿ ಮೇಡಂ, ಕೊಬ್ಬು ಕರಗುತ್ತಿದೆ ಎಂದು ಅರ್ಥ" ಎಂದ. ಬಚ್ಚಲಿಗೆ ಓಡಿದರೆ ಬಂದದ್ದು ಬರೀ ಲೋಳೆ, ಬಿಳಿ ನೊರೆ. ಎರಡು ವಾರ ಹಲ್ಲು ಕಚ್ಚಿ ಹೋದೆ, ಆಮೇಲೆ ಬಿಟ್ಟೆ. ಹೋದ ಹಣಕ್ಕಿಂತ ಆ ಮಾತು ಹೆಚ್ಚು ನೋಯಿಸಿತು. ವಾಕರಿಕೆಗೂ ಕೊಬ್ಬು ಕರಗುವುದಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಮುಂದಿನ ಭೇಟಿಯಲ್ಲಿ ವೈದ್ಯರು ಹೇಳಿದಾಗ ಕಣ್ಣಲ್ಲಿ ನೀರು ಬಂತು.

ಇಲ್ಲಿಗೆ ಬಂದ ಮೊದಲ ದಿನ ತೂಕ ನೋಡಲಿಲ್ಲ, ಸೊಂಟ ಅಳೆಯಲಿಲ್ಲ. ತರಬೇತಿ ಕೊಡುವವರು ಮೂವತ್ತರ ಆಸುಪಾಸಿನವರು, ಫಿಸಿಯೋಥೆರಪಿ ಓದಿದವರು. ಶಸ್ತ್ರಚಿಕಿತ್ಸೆಯ ಕಾಗದ ಕೇಳಿದರು, ನುಂಗುವ ಮಾತ್ರೆಗಳ ಪಟ್ಟಿ ಕೇಳಿದರು, ವ್ಯಾಯಾಮ ಮಾಡಬಹುದು ಎಂದು ವೈದ್ಯರಿಂದ ಒಂದು ಸಾಲು ಬರೆಸಿಕೊಂಡು ಬನ್ನಿ ಎಂದರು. ಅದು ಬರುವ ತನಕ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ.

ಮೂರನೆಯ ದಿನ ಅದೇ ಕತೆ ಮರುಕಳಿಸಿತು. ಸಂಜೆ ಆರೂಕಾಲು ಇರಬೇಕು, ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮದ ಎರಡನೆಯ ಸುತ್ತು. ನಾನು ಏನೂ ಹೇಳಿರಲಿಲ್ಲ. ಮೆಲ್ಲಗೆ ಎಂಜಲು ನುಂಗುತ್ತಿದ್ದುದನ್ನು ಕಂಡು ಅವರೇ ಹತ್ತಿರ ಬಂದರು. ಕಿಟಕಿಯ ಪಕ್ಕಕ್ಕೆ ಒಂದು ಪ್ಲಾಸ್ಟಿಕ್ ಸ್ಟೂಲ್ ಎಳೆದರು, ಗೋಡೆಗೆ ಒರಗಿ ಕೂರಿಸಿದರು, ಹಾಡು ನಿಲ್ಲಿಸಿದರು. ಒದ್ದೆ ಬಟ್ಟೆಯನ್ನು ಕುತ್ತಿಗೆಯ ಹಿಂದೆ ಇಟ್ಟರು. ಉಸಿರು ಹದಕ್ಕೆ ಬಂದ ಮೇಲೆ ಕೇಳಿದ್ದು ಎರಡೇ ಪ್ರಶ್ನೆ: "ಅಕ್ಕ, ಕೊನೆಯದಾಗಿ ತಿಂದದ್ದು ಯಾವಾಗ? ನೀರು ಕುಡಿದದ್ದು ಹೇಗೆ?"

ಐದೂವರೆಗೆ ಒಂದು ಇಡ್ಲಿ ತಿಂದಿದ್ದೆ. ಬರುವ ದಾರಿಯಲ್ಲಿ ಬಾಯಾರಿಕೆಯಾಗಿ ಅರ್ಧ ಬಾಟಲಿ ನೀರನ್ನು ಒಂದೇ ಉಸಿರಿಗೆ ಕುಡಿದಿದ್ದೆ. ಹಿಂದಿನ ಹೊಟ್ಟೆಗಾದರೆ ಅದು ಲೆಕ್ಕಕ್ಕೇ ಇರಲಿಲ್ಲ. ಆದರೆ ಈಗಿನ ಕೊಳವೆಯಲ್ಲಿ ಇಡ್ಲಿ ಇನ್ನೂ ಕೂತಿದೆ, ಅದರ ಮೇಲೆ ನೀರು ಸುರಿದಿದೆ, ಕೈಕಾಲು ದುಡಿಯತೊಡಗಿದೊಡನೆ ರಕ್ತ ಹೊಟ್ಟೆಯನ್ನು ಬಿಟ್ಟು ಆ ಕಡೆಗೆ ಹರಿದಿದೆ. ಕೆಳಗೆ ಇಳಿಯಬೇಕಾದದ್ದು ಇಳಿಯದೆ ಮೇಲಕ್ಕೆ ಒತ್ತುತ್ತದೆ. ಅವರು ಇದನ್ನು ಒಂದು ಕಾಗದದಲ್ಲಿ ಚಿತ್ರ ಬರೆದು ತೋರಿಸಿದರು. ಆ ಕಾಗದ ಈಗಲೂ ನನ್ನ ಚೀಲದಲ್ಲಿದೆ.

ಅಂದಿನಿಂದ ನನ್ನ ಹೆಸರಿನಲ್ಲಿ ಇನ್ನೂರು ಪುಟದ ಒಂದು ಪುಸ್ತಕ ಶುರುವಾಯಿತು. ತಿಂದದ್ದು ಏನು, ಎಷ್ಟು ಹೊತ್ತಿಗೆ. ದಿನವಿಡೀ ಕುಡಿದ ನೀರು ಎಷ್ಟು. ಮಾತ್ರೆ ಯಾವಾಗ ನುಂಗಿದ್ದು. ಹೊಟ್ಟೆ ತೊಳಸಿದರೆ ಯಾವ ವ್ಯಾಯಾಮದ ಎಷ್ಟನೆಯ ನಿಮಿಷಕ್ಕೆ. ದಿನವೂ ಲೆಕ್ಕ ಬರೆದು ಬದುಕುವ ನನಗೆ ಇದು ಒಗ್ಗಿಬಂತು. ತಿಂಗಳು ತುಂಬುವುದರೊಳಗೆ ಕಾರಣಗಳು ಒಂದೊಂದಾಗಿ ಕಾಣತೊಡಗಿದವು.

ಇಡ್ಲಿಯಂಥ ಗಟ್ಟಿ ತಿಂಡಿಯಾದರೆ ನನಗೆ ಎರಡು ಗಂಟೆಯ ಅಂತರ ಬೇಕು. ತೆಳ್ಳಗಿನ ಹೆಸರುಬೇಳೆಯ ತೊವ್ವೆಯಾದರೆ ಒಂದು ಗಂಟೆ ಸಾಕು. ಹಾಗೆಂದು ಏನೂ ತಿನ್ನದೆ ಬಂದರೂ ಆಗುವುದಿಲ್ಲ, ಕೈ ನಡುಗಿ ಬೇರೆ ಬಗೆಯ ವಾಕರಿಕೆ ಬರುತ್ತದೆ. ಬೆಳಗಿನ ಬ್ಯಾಚಿಗೆ ಹೋಗುವಾಗ ಈಗ ನಾಲ್ಕು ಚಮಚ ಮೊಸರು ತಿಂದು ಹೊರಡುತ್ತೇನೆ. ಕಬ್ಬಿಣದ ಮಾತ್ರೆಯನ್ನು ವ್ಯಾಯಾಮಕ್ಕೆ ಮೊದಲು ಬರಿಹೊಟ್ಟೆಯಲ್ಲಿ ನುಂಗಿದ ದಿನವೆಲ್ಲ ಕೆಟ್ಟ ದಿನ. ವೈದ್ಯರನ್ನು ಕೇಳಿ ಅದನ್ನು ರಾತ್ರಿಗೆ ಬದಲಾಯಿಸಿಕೊಂಡೆ.

ನೀರಿನ ಪಾಠ ಕಲಿಸಿದ್ದು ಮಾರ್ಚ್ ಕೊನೆ. ವರ್ಷಾಂತ್ಯದ ನೂಕುನುಗ್ಗಲಿನಲ್ಲಿ ಕೌಂಟರ್ ಬಿಟ್ಟು ಏಳಲಾಗದೆ ಇಡೀ ದಿನ ಎರಡು ಲೋಟ ನೀರೂ ಹೊಟ್ಟೆಗೆ ಹೋಗಿರಲಿಲ್ಲ. ನಮಗೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು, ಅದೂ ಗುಟುಕು ಗುಟುಕಾಗಿ. ಬಾಯಾರಿಕೆ ಆದ ಮೇಲೆ ಒಟ್ಟಿಗೆ ಕುಡಿದು ತುಂಬಿಸಿಕೊಳ್ಳುವ ದಾರಿ ನಮಗಿಲ್ಲ. ಆ ಸಂಜೆ ಪುಸ್ತಕ ನೋಡಿದವರೇ, "ಇವತ್ತು ವ್ಯಾಯಾಮ ಇಲ್ಲ ಅಕ್ಕ, ಇಲ್ಲಿಯೇ ಕೂತು ನೀರು ಕುಡಿಯಿರಿ" ಎಂದರು. ಆಸ್ಪತ್ರೆಯಲ್ಲಿ ಕೊಟ್ಟಿದ್ದ 30 ಮಿಲಿಯ ಔಷಧದ ಕಪ್ಪಿನಲ್ಲಿ ಐದೈದು ನಿಮಿಷಕ್ಕೊಮ್ಮೆ ಕುಡಿದು, ಮುಕ್ಕಾಲು ಗಂಟೆ ಕೂತು ಮನೆಗೆ ಹೋದೆ. ಈಗ ಆ ಕಪ್ಪು ಕ್ಯಾಶ್ ಕೌಂಟರಿನಲ್ಲಿ, ರಬ್ಬರ್ ಸ್ಟಾಂಪಿನ ಪಕ್ಕದಲ್ಲಿಯೇ ಇರುತ್ತದೆ.

ಎಲ್ಲಕ್ಕಿಂತ ದೊಡ್ಡ ಉಪಕಾರ ಫೆಬ್ರವರಿಯಲ್ಲಿ ಆದದ್ದು. ಊಟ, ನೀರು ಎಲ್ಲ ಸರಿಯಿದ್ದ ದಿನವೂ ಬಗ್ಗಿ ಎದ್ದಾಗ ಕಣ್ಣು ಕತ್ತಲೆ ಬರುತ್ತಿತ್ತು, ಅದರ ಹಿಂದೆಯೇ ವಾಕರಿಕೆ. ಅವರು ರಕ್ತದೊತ್ತಡ ನೋಡಿದರು: 92/58. ಅಷ್ಟರಲ್ಲಿ 25 ಕಿಲೋ ಇಳಿದಿದ್ದೆ, ಆದರೆ 112 ಕಿಲೋ ಇದ್ದಾಗಿನ ಎರಡೂ ಮಾತ್ರೆಗಳನ್ನು ಹಾಗೆಯೇ ನುಂಗುತ್ತಿದ್ದೆ. ತೂಕ ಇಳಿದಂತೆ ಒತ್ತಡವೂ ಇಳಿಯುತ್ತದೆ, ಮಾತ್ರೆಯೂ ಇಳಿಯಬೇಕು. ಇದು ನನಗೆ ಹೊಳೆದೇ ಇರಲಿಲ್ಲ. ಮಾತ್ರೆ ಬಿಡಿ ಎಂದು ಅವರು ಹೇಳಲಿಲ್ಲ. ಅಲ್ಲಿಂದಲೇ ವೈದ್ಯರಿಗೆ ಫೋನ್ ಮಾಡಿಸಿದರು, ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಟ್ಟರು. ವೈದ್ಯರು ಪರೀಕ್ಷೆ ಮಾಡಿ ಒಂದು ಮಾತ್ರೆ ನಿಲ್ಲಿಸಿದರು. ಒಂದು ವಾರದಲ್ಲಿ ಆ ಕಣ್ಕತ್ತಲೆ ಹೋಯಿತು. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಇನ್ನೂ ಮುಖ್ಯವಾಗಿ ಗಮನಿಸಬೇಕು.

ವ್ಯಾಯಾಮದ ಆಯ್ಕೆಯಲ್ಲೂ ಅವರ ತಿಳಿವಳಿಕೆ ಕಾಣುತ್ತದೆ. ಸ್ಲೀವ್ ಆದವರಿಗೆ ಹುಳಿ ಮೇಲೆ ಬರುವ ತೊಂದರೆ ಹೆಚ್ಚು. ಆದ್ದರಿಂದ ಮಲಗಿ ಹೊಟ್ಟೆ ಮಡಚುವುದು, ತಲೆ ಕೆಳಗಾಗಿ ಬಗ್ಗುವುದು ನನಗೆ ಇಲ್ಲವೇ ಇಲ್ಲ. ಗೋಡೆಗೆ ಕೈಯೂರಿ ತಳ್ಳುವುದು, ಕುರ್ಚಿಯಿಂದ ಏಳುವುದು, ರಬ್ಬರ್ ಪಟ್ಟಿ ಎಳೆಯುವುದು, ಈಚೆಗೆ ಎರಡೂ ಕೈಯಲ್ಲಿ ಐದೈದು ಕಿಲೋ ಹಿಡಿದು ನಡೆಯುವುದು. ಮೂರು ನಿಮಿಷ ಕೆಲಸ, ಒಂದು ನಿಮಿಷ ವಿರಾಮ. ಮಾತಾಡುತ್ತಾ ಮಾಡಲು ಆಗದಿದ್ದರೆ ವೇಗ ಹೆಚ್ಚಾಯಿತು ಎಂದು ಲೆಕ್ಕ. ಕೊನೆಗೆ ತಟ್ಟನೆ ನಿಲ್ಲಿಸಲು ಬಿಡುವುದಿಲ್ಲ, ಐದು ನಿಮಿಷ ಮೆಲ್ಲಗೆ ನಡೆಸುತ್ತಾರೆ. ದೊಡ್ಡ ಜಿಮ್ಮಿನಲ್ಲಿ ಸೈಕಲಿನಿಂದ ಇಳಿದೊಡನೆ ಆಗುತ್ತಿದ್ದ ತಲೆಸುತ್ತು ಇಲ್ಲಿ ಒಮ್ಮೆಯೂ ಆಗಿಲ್ಲ.

ಗೋಡೆಯ ಮೇಲೆ ಅವರ ಕೈಬರಹದ ಒಂದು ಹಾಳೆ ಇದೆ. ನೀರೂ ನಿಲ್ಲದಂತೆ ವಾಂತಿ, ಜ್ವರ, ಜೋರಾದ ಹೊಟ್ಟೆನೋವು, ಸುಮ್ಮನೆ ಕೂತಾಗಲೂ ಎದೆ ಡವಗುಟ್ಟುವುದು, ಕಪ್ಪು ಮಲ: ಇವುಗಳಲ್ಲಿ ಒಂದಿದ್ದರೂ ಜಿಮ್ಮಿಗೆ ಬರಬೇಡಿ, ಆಸ್ಪತ್ರೆಗೆ ಹೋಗಿ. ಏಪ್ರಿಲಿನಲ್ಲಿ ನಮ್ಮ ಬ್ಯಾಚಿನವರೊಬ್ಬರು ಮೂರು ದಿನದಿಂದ ತಿಂದದ್ದೆಲ್ಲ ವಾಂತಿಯಾಗುತ್ತಿದೆ ಎಂದಾಗ ಚಪ್ಪಲಿ ಬಿಚ್ಚಲೂ ಬಿಡದೆ ರಿಕ್ಷಾ ತರಿಸಿ ಕಳಿಸಿದರು. ವಾಂತಿ ಹೀಗೆ ಮುಂದುವರಿದರೆ ಬಿ1 ಜೀವಸತ್ವ ಬರಿದಾಗಿ ನರಗಳಿಗೇ ಪೆಟ್ಟು ಬೀಳುತ್ತದೆ ಎಂದು ಆಮೇಲೆ ನಮಗೆಲ್ಲ ತಿಳಿಸಿದರು.

ಕೊರತೆಗಳನ್ನೂ ಹೇಳಬೇಕು. ಮೂವತ್ತೆಂಟು ಮೆಟ್ಟಿಲು, ಲಿಫ್ಟ್ ಇಲ್ಲ. ಮಂಡಿನೋವಿನವರಿಗೆ ಇದು ದೊಡ್ಡ ತಡೆ. ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ. ಬೆಳಗ್ಗೆ ನೆಲ ಒರೆಸುವಾಗ ಫಿನಾಯಿಲ್ ಧಾರಾಳವಾಗಿ ಹಾಕುತ್ತಾರೆ. ಆ ವಾಸನೆಯೊಂದೇ ಸಾಕು, ನನ್ನ ಹೊಟ್ಟೆ ಮಗುಚಲು. ಹೇಳಿದ ಮೇಲೆ ಬ್ಯಾಚ್ ಮುಗಿದ ಮೇಲೆಯೇ ಒರೆಸುತ್ತೇವೆ ಎಂದರು, ನಡುನಡುವೆ ಮರೆಯುತ್ತಾರೆ. ಎಸಿ ಇಲ್ಲ. ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಮೈ ತಣಿಯುವುದಿಲ್ಲ, ಸಂಜೆಯ ಬ್ಯಾಚಿನಲ್ಲಿ ನನಗೆ ವಾಕರಿಕೆ ಮತ್ತೆ ಶುರುವಾಗಿತ್ತು. ಬೆಳಗ್ಗೆ ಐದೂಮುಕ್ಕಾಲಕ್ಕೆ ಬದಲಾಯಿಸಿಕೊಂಡ ಮೇಲೆ ಹೋಯಿತು. ಈಗ ಮಳೆ ಹಿಡಿದಿದೆ, ಎರಚಲು ಬರುತ್ತದೆಂದು ಕಿಟಕಿ ಮುಚ್ಚಿದರೆ ಉಸಿರು ಕಟ್ಟುತ್ತದೆ. ಕಿಟಕಿಗೆ ಒಂದು ಮಾಡು ಇಳಿಸಿ, ಇನ್ನೊಂದು ಫ್ಯಾನ್ ಹಾಕಿಸಲೇಬೇಕು ಎಂದು ಕೇಳಿದ್ದೇನೆ.

ಇನ್ನೊಂದು ದೂರು. ಬಾಗಿಲ ಬಳಿಯ ಮೇಜಿನಲ್ಲಿ ಪುನರ್ಪುಳಿ ಶರಬತ್ತು ಮಾರುತ್ತಾರೆ. ಮನೆಯಲ್ಲಿ ಮಾಡಿದ್ದು, ರುಚಿ ಬಹಳ ಚೆನ್ನಾಗಿದೆ. ಆಸೆಯಿಂದ ಅರ್ಧ ಲೋಟ ಕುಡಿದೆ. ಇಪ್ಪತ್ತು ನಿಮಿಷದಲ್ಲಿ ಎದೆ ಹೊಡೆದುಕೊಂಡು, ಮೈಯೆಲ್ಲ ಬೆವೆತು, ಹೊಟ್ಟೆ ಕಿವುಚಿತು. ಸಕ್ಕರೆ ತುಂಬಿದ ಪಾನೀಯ ನಮ್ಮ ಸಣ್ಣ ಹೊಟ್ಟೆಯಲ್ಲಿ ನಿಲ್ಲದೆ ಕರುಳಿಗೆ ಧುಮುಕಿದಾಗ ಹೀಗಾಗುತ್ತದೆ, ಬೈಪಾಸ್ (ಜಠರದ ಹೆಚ್ಚಿನ ಭಾಗವನ್ನು ಬಳಸಿಹೋಗುವಂತೆ ಕರುಳನ್ನು ಜೋಡಿಸುವ, ತೂಕ ಇಳಿಸುವ ಇನ್ನೊಂದು ಬಗೆಯ ಶಸ್ತ್ರಚಿಕಿತ್ಸೆ) ಆದವರಿಗೆ ಇನ್ನೂ ಹೆಚ್ಚು. ಹೇಳಿದ ಮರುದಿನವೇ ಸಕ್ಕರೆ ಹಾಕದ, ಉಪ್ಪು ಜೀರಿಗೆ ಹಾಕಿದ ಪುನರ್ಪುಳಿ ನೀರನ್ನು ಬೇರೆ ಜಗ್ಗಿನಲ್ಲಿ ಇಟ್ಟರು. ಅದು ನನಗೆ ಚೆನ್ನಾಗಿ ಹಿಡಿಸುತ್ತದೆ. ಸಿಹಿಯ ಜಗ್ಗಿನ ಮೇಲೆ ಮಾತ್ರ ಇನ್ನೂ ಚೀಟಿ ಅಂಟಿಸಿಲ್ಲ. ಹೊಸಬರು ಕೇಳಿಯೇ ಕುಡಿಯಿರಿ.

ನಿನ್ನೆ 81 ಕಿಲೋ ಇದ್ದೆ. ವಾಕರಿಕೆ ಪೂರ್ತಿ ಹೋಗಿಲ್ಲ. ಜೂನಿನಲ್ಲಿ ಇದುವರೆಗೆ ಪುಸ್ತಕದಲ್ಲಿ ಎರಡು ಕಡೆ ಬರೆದಿದೆ, ಜನವರಿಯಲ್ಲಿ ಹನ್ನೊಂದು ಕಡೆ ಇತ್ತು. ಎರಡು ಸಲವೂ ಕಾರಣ ನನಗೇ ಗೊತ್ತಿತ್ತು.

ತಿಂಗಳಿಗೆ 1,400 ರೂಪಾಯಿ. ಮೂರು ತಿಂಗಳಿಗೆ ಒಟ್ಟಿಗೆ ಕಟ್ಟಿ ಎಂದು ಒತ್ತಾಯಿಸುವುದಿಲ್ಲ, ಹುಷಾರಿಲ್ಲದೆ ತಪ್ಪಿದ ದಿನಗಳನ್ನು ಮುಂದಿನ ತಿಂಗಳಿಗೆ ಸೇರಿಸುತ್ತಾರೆ. ಭಾನುವಾರ ರಜೆ. ಬೆಳಗಿನ ಬ್ಯಾಚಿನಲ್ಲಿ ಈಗ ಎರಡು ಜಾಗ ಖಾಲಿ ಇವೆ. ಬರುವವರು ಆಸ್ಪತ್ರೆಯ ಕಾಗದ, ಮಾತ್ರೆಗಳ ಪಟ್ಟಿ ಮತ್ತು ನಿಮ್ಮದೇ ಒಂದು ಸಣ್ಣ ಕಪ್ಪು ತನ್ನಿ. ಅಲ್ಲಿರುವುದು ದೊಡ್ಡ ಸ್ಟೀಲ್ ಲೋಟಗಳು ಮಾತ್ರ.