ಮಾಕಿಂಗ್‌ಜೇ: ಕಾಡಿನ ಉರುಳು ಯುದ್ಧಕ್ಕೆ ಬಂದಾಗ

ಸುಜಾನ್ ಕಾಲಿನ್ಸ್ ಅವರ ‘ಹಂಗರ್ ಗೇಮ್ಸ್’ ಮಾಲಿಕೆಯ ಮೂರನೆಯ ಕಾದಂಬರಿ ‘ಮಾಕಿಂಗ್‌ಜೇ’ ಬಂದದ್ದು 2010ರಲ್ಲಿ. 2008 ಮತ್ತು 2009ರಲ್ಲಿ ಬಂದ ಮೊದಲೆರಡನ್ನು ಓದದೆ ಇದಕ್ಕೆ ಕೈ ಹಾಕಬೇಡಿ. ಹಿಂದಿನ ಕಥೆಯನ್ನು ವಿವರಿಸುತ್ತಾ ಕೂರುವ ಪುಸ್ತಕ ಇದಲ್ಲ; ಶುರುವಿನಲ್ಲೇ ಕಥಾನಾಯಕಿ ಕ್ಯಾಟ್‌ನಿಸ್ ಸುಟ್ಟು ಬೂದಿಯಾದ ತನ್ನೂರಿನಲ್ಲಿ ನಿಂತಿರುತ್ತಾಳೆ. (ಕಥೆಯ ಕೆಲವು ತಿರುವುಗಳು ಮುಂದೆ ಬರುತ್ತವೆ. ಯಾರು ಸಾಯುತ್ತಾರೆ ಎಂಬುದನ್ನು ಮಾತ್ರ ಹೇಳಿಲ್ಲ.)

ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲುವ ‘ಹಂಗರ್ ಗೇಮ್ಸ್’ ಕ್ರೀಡೆ ನಡೆಸುವ ಸರ್ವಾಧಿಕಾರಿ ಸ್ನೋ ಕೆಟ್ಟವನೆಂಬುದು ನಮಗೆ ಮೊದಲೇ ಗೊತ್ತು. ಈ ಪುಸ್ತಕ ಕೆದಕುವುದು ಬಂಡಾಯಗಾರರನ್ನು. ಅವರ ನೆಲೆಯಾದ, ನೆಲದಡಿಯಲ್ಲಿರುವ ಹದಿಮೂರನೇ ಜಿಲ್ಲೆಯಲ್ಲಿ ದಿನಾ ಬೆಳಿಗ್ಗೆ ಗೋಡೆಯ ಯಂತ್ರಕ್ಕೆ ಕೈಯೊಡ್ಡಬೇಕು. ಆ ದಿನ ಯಾವ ಹೊತ್ತಿಗೆ ಏನು ಮಾಡಬೇಕೆಂದು ತೋಳಿನ ಮೇಲೆ ನೇರಳೆ ಶಾಯಿಯಲ್ಲಿ ಅಚ್ಚಾಗುತ್ತದೆ. ಊಟವೂ ಅಳತೆಯದೇ. ಹೆಚ್ಚಿಗೆ ಬ್ರೆಡ್ ತೆಗೆದುಕೊಂಡ ತಪ್ಪಿಗೆ ಕ್ಯಾಟ್‌ನಿಸ್‌ಳ ಅಲಂಕಾರದವರನ್ನು ಗೋಡೆಗೆ ಸರಪಳಿ ಹಾಕಿ ಕಟ್ಟಿರುತ್ತಾರೆ. ನಾಯಕಿ ಕಾಯಿನ್ ಎಂಥವಳೆಂದು ಅಲ್ಲೇ ಗೊತ್ತಾಗಿಬಿಡುತ್ತದೆ.

ಇಡೀ ಕಾದಂಬರಿಯನ್ನು ಹೊತ್ತಿರುವುದು ಕ್ಯಾಟ್‌ನಿಸ್‌ಳ ಗೆಳೆಯ ಗೇಲ್‌ನ ಉರುಳು. ಕಾಡಿನಲ್ಲಿ ಉರುಳು ಒಡ್ಡಿ ಮನೆಯವರ ಹೊಟ್ಟೆ ಹೊರೆದ ಹುಡುಗ ಅವನು. ಇಲ್ಲಿ ತಂತ್ರಜ್ಞ ಬೀಟಿಯ ಜೊತೆ ಕೂತು ಅದೇ ವಿದ್ಯೆಯಿಂದ ಬಾಂಬು ರೂಪಿಸುತ್ತಾನೆ. ಮೊದಲೊಂದು ಸಿಡಿಯುತ್ತದೆ, ಗಾಯಾಳುಗಳನ್ನು ಎತ್ತಲು ಜನ ಓಡಿ ಬರುತ್ತಾರೆ, ಆಗ ಎರಡನೆಯದು ಸಿಡಿಯುತ್ತದೆ. ಮನುಷ್ಯನ ಕರುಣೆಯೇ ಇಲ್ಲಿ ಮೇವು. ಪುಸ್ತಕದ ನಡುವೆ ಬರೀ ಮಾತಾಗಿ ಬರುವ ಈ ಲೆಕ್ಕಾಚಾರ, ಎರಡನೇ ಜಿಲ್ಲೆಯ ಬೆಟ್ಟದೊಳಗಿನ ಸೇನಾ ನೆಲೆಯನ್ನು ಮುಚ್ಚಿಹಾಕುವಾಗ ಇನ್ನೊಂದು ರೂಪ ತಾಳುತ್ತದೆ. ಗೇಲ್ ಮತ್ತು ಕ್ಯಾಟ್‌ನಿಸ್ ಇಬ್ಬರ ಅಪ್ಪಂದಿರೂ ಗಣಿಯೊಳಗೆ ಸತ್ತವರು. ಆದರೂ ಬೆಟ್ಟ ಕುಸಿಯುವಂತೆ ಮಾಡೋಣ ಎನ್ನುವವನು ಗೇಲೇ. ಕೊನೆಗೆ ರಾಜಧಾನಿಯಲ್ಲಿ ಬಾಂಬು ಬಿದ್ದಾಗ ಅದು ತನ್ನದೋ ಅಲ್ಲವೋ ಅವನಿಗೇ ಗೊತ್ತಿಲ್ಲ. ಕಾಲಿನ್ಸ್ ಈ ಗಂಟನ್ನು ಬಿಚ್ಚದೇ ಬಿಟ್ಟದ್ದು ಪುಸ್ತಕದ ಅತ್ಯಂತ ದಿಟ್ಟ ನಿರ್ಧಾರ.

ಪ್ರಚಾರದ ಕಸುಬನ್ನೂ ಇಷ್ಟೇ ಬಲ್ಲವರಂತೆ ಬರೆದಿದ್ದಾರೆ. ಸ್ಟುಡಿಯೋದಲ್ಲಿ ಕೃತಕ ಹೊಗೆ, ಬರೆದುಕೊಟ್ಟ ಘೋಷಣೆ ಇಟ್ಟು ಕ್ಯಾಟ್‌ನಿಸ್‌ಳನ್ನು ಚಿತ್ರೀಕರಿಸಿದರೆ ಜೀವವೇ ಇರುವುದಿಲ್ಲ. ಹಿಂದೆ ಕ್ರೀಡೆಗೆ ಅವಳನ್ನು ತಯಾರು ಮಾಡಿದ್ದ ಹೇಮಿಚ್ ಎಲ್ಲರನ್ನೂ ಕೂರಿಸಿ, ಅವಳು ನಿಮ್ಮ ಮನಸ್ಸು ಕಲಕಿದ್ದು ಯಾವಾಗ ಎಂದು ಕೇಳುತ್ತಾನೆ. ಬಂದ ಉತ್ತರಗಳಲ್ಲಿ ಒಂದೂ ಯಾರೋ ಹೇಳಿಕೊಟ್ಟು ಮಾಡಿಸಿದ್ದಲ್ಲ. ಹಾಗಾಗಿ ಅವಳನ್ನು ಎಂಟನೇ ಜಿಲ್ಲೆಯ ಯುದ್ಧಭೂಮಿಗೇ ಕಳಿಸುತ್ತಾರೆ. ಅಲ್ಲಿ ಆಸ್ಪತ್ರೆಗೆ ಬಾಂಬು ಬಿದ್ದಾಗ ಅವಳ ನಿಜವಾದ ಸಿಟ್ಟು ಕ್ಯಾಮೆರಾಕ್ಕೆ ಸಿಗುತ್ತದೆ. ಆ ಸಿಟ್ಟು ಅವಳದೇ, ಬಳಸಿಕೊಂಡವರು ಬೇರೆ.

ಕುಂದುಗಳೂ ಸಣ್ಣವಲ್ಲ. ಕಥೆ ಹೇಳುವವಳು ಕ್ಯಾಟ್‌ನಿಸ್ ಒಬ್ಬಳೇ. ಅವಳೋ ಮತ್ತೆ ಮತ್ತೆ ಪ್ರಜ್ಞೆ ತಪ್ಪಿ ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತಾಳೆ. ಇದರಿಂದ ದೊಡ್ಡ ಘಟನೆಗಳು ಅವಳ ಬೆನ್ನ ಹಿಂದೆ ನಡೆದುಹೋಗುತ್ತವೆ. ಅವಳದೇ ವಿಚಾರಣೆ ಕೂಡ. ರಾಜಧಾನಿಯ ಬೀದಿಗಳಲ್ಲಿ ಒಂದಾದ ಮೇಲೊಂದು ಯಾಂತ್ರಿಕ ಬಲೆಗಳು ಬಾಯ್ತೆರೆಯುವ ಭಾಗ ವಿಡಿಯೋ ಗೇಮಿನಂತೆ ಓಡುತ್ತದೆ. ಓದುಗರು ಹಚ್ಚಿಕೊಂಡ ಪಾತ್ರವೊಂದರ ಸಾವು ಅಲ್ಲಿ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಯುದ್ಧದಲ್ಲಿ ಸಾವು ಹಾಗೇ ಬರುತ್ತದೆ, ನಿಜ. ಆದರೂ ಆ ಪಾತ್ರಕ್ಕೆ ಇನ್ನೊಂದು ಪುಟ ಸಲ್ಲಬೇಕಿತ್ತು.

ಮೂರು ಭಾಗ, ಇಪ್ಪತ್ತೇಳು ಅಧ್ಯಾಯ. ಇಂಗ್ಲಿಷ್ ಸರಳ, ವಾಕ್ಯಗಳು ಚಿಕ್ಕವು. ಆದರೆ ಚಿತ್ರಹಿಂಸೆ, ಲೈಂಗಿಕ ಶೋಷಣೆಯ ಪ್ರಸ್ತಾಪ, ಮಕ್ಕಳ ಸಾವು ಎಲ್ಲವೂ ಇವೆ. ಹದಿನಾಲ್ಕು ದಾಟಿದವರಿಗೆ ಕೊಡಿ, ಮನೆಯ ದೊಡ್ಡವರೂ ಓದಿ. ಕೊನೆಯ ಅಧ್ಯಾಯಗಳನ್ನು ಅವಸರದಲ್ಲಿ ಮುಗಿಸಬೇಡಿ. ರಾಜಧಾನಿಯ ಮಕ್ಕಳನ್ನಿಟ್ಟು ಇನ್ನೊಂದು ‘ಹಂಗರ್ ಗೇಮ್ಸ್’ ನಡೆಸಬೇಕೇ ಎಂದು ಕಾಯಿನ್ ಮತ ಕೇಳಿದಾಗ ಕ್ಯಾಟ್‌ನಿಸ್ ಕೊಡುವ ಉತ್ತರ ಗಾಬರಿ ಹುಟ್ಟಿಸುತ್ತದೆ. ಸ್ವಲ್ಪ ಮುಂದೆ ಅವಳ ಬಾಣ ಯಾರತ್ತ ತಿರುಗಿತೆಂದು ನೋಡಿ, ಮತ್ತೆ ಆ ಪುಟಕ್ಕೆ ಬಂದು ಓದಿ. ಅವಳು ಆ ಕ್ಷಣದಲ್ಲಿ ಏನನ್ನು ನಿರ್ಧರಿಸಿದ್ದಳೆಂದು ಆಗ ತಿಳಿಯುತ್ತದೆ.