ಗಾಜಿನ ಬಳೆ ಆನ್‌ಲೈನಲ್ಲಿ ತರಿಸ್ತೀರಾ? ಒಳಗಿನ ಅಳತೆ ಕೇಳದೆ ದುಡ್ಡು ಹಾಕಬೇಡಿ

ಸೀಮಂತ, ಮದುವೆ, ಗೌರಿಹಬ್ಬ ಅಂತ ಗಾಜಿನ ಬಳೆಯನ್ನ ಫೋನಲ್ಲೇ ಆರ್ಡರ್ ಮಾಡೋರು ದಯವಿಟ್ಟು ಇದನ್ನೊಮ್ಮೆ ಓದಿ. ನನ್ನ ತಂಗಿ ಸೀಮಂತಕ್ಕೆ ಇನ್‌ಸ್ಟಾಗ್ರಾಮಿನ ಒಂದು ಪುಟದಿಂದ ಕೈಕೆಲಸದ ಹಸಿರು ಬಳೆ ತರಿಸಿದ್ವಿ. ಬಳೆ ತೊಡಿಸೋ ಶಾಸ್ತ್ರ ಅರ್ಧಕ್ಕೆ ನಿಂತು, ಅವಳ ಹೆಬ್ಬೆರಳ ಬುಡಕ್ಕೆ ಹತ್ತಿ ಒತ್ತಿ ಹಿಡ್ಕೊಂಡು ಕೂರೋ ಹಾಗಾಯ್ತು. ಪುಟದ ಹೆಸರು ಹಾಕ್ತಾ ಇಲ್ಲ. ಅದೇ ಥರದ ಅಳತೆಪಟ್ಟಿ ಆಮೇಲೆ ಬೇರೆ ಪುಟಗಳಲ್ಲೂ ಕಣ್ಣಿಗೆ ಬಿತ್ತು, ಹಾಗಾಗಿ ಒಬ್ಬರ ಹೆಸರು ಹೇಳಿ ಉಪಯೋಗ ಇಲ್ಲ.

ಬಳೆ ನೋಡೋಕೆ ಚೆನ್ನಾಗೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ದಪ್ಪ ಗಾಜು, ಮೇಲೆ ಚಿನ್ನದ ಬಣ್ಣದಲ್ಲಿ ಸಣ್ಣ ಬಳ್ಳಿ. ತಂಗಿ ಮೊದಲೆಲ್ಲ ಟೂ ಸಿಕ್ಸ್, ಅಂದ್ರೆ 2.6 ಸೈಜಿನ ಬಳೆ ತೊಡ್ತಿದ್ದಳು. ಏಳನೇ ತಿಂಗಳಿಗೆ ಕೈ ಊದಿಕೊಂಡಿರುತ್ತೆ ಅಂತ ದಾರ ಸುತ್ತಿ ಅಳೆದೆ, ಸರಿಯಾಗಿ 20 ಸೆಂಟಿಮೀಟರ್ ಬಂತು. ಅದನ್ನ ಆ ಪುಟದವಳಿಗೆ ಕಳಿಸಿದ್ದಕ್ಕೆ "ಟೂ ಏಟ್ ಕರೆಕ್ಟಾಗಿ ಆಗುತ್ತೆ ಸಿಸ್" ಅಂದಳು. ಲೆಕ್ಕ ಸರಿಯಾಗೇ ಇತ್ತು. ಬಂದ ಡಬ್ಬದ ಮೇಲೂ 2.8 ಅಂತ ಚೀಟಿ ಅಂಟಿಸಿತ್ತು. ಶಾಸ್ತ್ರಕ್ಕೆ ಮುಂಚೆ ಕೈಗೆ ಹಾಕಬಾರದು ಅಂತ ಅಮ್ಮ ಅದನ್ನ ದೇವರ ಮನೇಲಿ ಇಟ್ಟುಬಿಟ್ಟರು.

ಅವತ್ತು ಮೊದಲು ಬೆಂಗಳೂರಿನ ಬಳೇಪೇಟೆಯಿಂದ ತಂದ ಮಾಮೂಲಿ ತೆಳು ಹಸಿರು ಬಳೆ ತೊಡಿಸಿದರು. ಅವೂ ಟೂ ಏಟೇ, ಸಲೀಸಾಗಿ ಏರಿದವು. ಆಮೇಲೆ ಈ ದಪ್ಪ ಬಳೆ ತಗೊಂಡರು. ಗೆಣ್ಣು ದಾಟಲಿಲ್ಲ. ನಮ್ಮ ಮನೇಲಿ ಎಲ್ಲರಿಗೂ ಬಳೆ ತೊಡಿಸೋದು ದೊಡ್ಡಮ್ಮ, ಅವರ ಕೈ ಪಳಗಿದ ಕೈ. "ಕೈ ಸಡಿಲ ಬಿಡು ಪುಟ್ಟಾ, ಹೆಬ್ಬೆರಳು ಒಳಕ್ಕೆ ಮಡಚು" ಅಂತ ಸೋಪಿನ ನೀರು ಹಚ್ಚಿ ಮೆಲ್ಲಗೆ ಒತ್ತಿದರು. ಟಕ್ ಅಂತ ಬೆಸುಗೆ ಇದ್ದ ಜಾಗದಲ್ಲೇ ಬಿಟ್ಟುಕೊಳ್ತು, ತುದಿ ನೇರ ಹೆಬ್ಬೆರಳ ಬುಡಕ್ಕೆ ಚುಚ್ಚಿತು. ಗಾಯ ಆಳ ಇರಲಿಲ್ಲ, ಆದ್ರೆ ರಕ್ತ ಸೀರೆ ಅಂಚಿಗೆ ತಾಗಿತ್ತು. ಅಷ್ಟಕ್ಕೇ ಅಪಶಕುನ ಅಂತ ಒಂದಿಬ್ಬರು ಗುಸುಗುಸು ಶುರು ಮಾಡಿದ್ದು ಗಾಯಕ್ಕಿಂತ ಹೆಚ್ಚು ಉರಿಸಿತು. ಅಪಶಕುನ ಅಲ್ಲ ಮಾರಾಯ್ರೆ, ಅಳತೆ ಮೋಸ.

ಸಂಜೆ ನೆಂಟರೆಲ್ಲ ಹೋದ ಮೇಲೆ ಎರಡೂ ಬಗೆಯ ಬಳೆಯನ್ನ ಟೇಬಲ್ ಮೇಲೆ ಇಟ್ಟು ನೋಡಿದೆ. ಬಳೇಪೇಟೆಯ ಟೂ ಏಟ್ ಬಳೆಯ ತೂತಿನೊಳಗೆ ಈ ಟೂ ಏಟ್ ಬಳೆ ಅಚ್ಚುಕಟ್ಟಾಗಿ ಕೂತುಬಿಡ್ತು! ತಂಗಿ ಗಂಡ ಪೀಣ್ಯದಲ್ಲಿ ಮೆಷಿನ್ ಶಾಪ್‌ನಲ್ಲಿರೋದು, ಬ್ಯಾಗಲ್ಲಿ ಮಿಲಿಮೀಟರಿನ ಚೂರನ್ನೂ ಅಳೆಯೋ ವರ್ನಿಯರ್ ಇತ್ತು. ಹೊರಗಿನಿಂದ ಹೊರಕ್ಕೆ ಅಳೆದರೆ 63 ಮಿ.ಮೀ. ಚಿಲ್ಲರೆ. ಒಳಗಿನಿಂದ ಒಳಕ್ಕೆ 57. ಅಲ್ಲಿಗೆ ಗುಟ್ಟು ಬಯಲಾಯ್ತು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಬಳೆ ಸೈಜಲ್ಲಿ ಇರೋ ಚುಕ್ಕಿ ದಶಮಾಂಶ ಅಲ್ಲ. 2.8 ಅಂದ್ರೆ ಎರಡು ಇಂಚು, ಅದರ ಮೇಲೆ ಇಂಚಿನ ಹದಿನಾರನೇ ಒಂದು ಪಾಲಿನಂಥವು ಎಂಟು. ಅಂದ್ರೆ ಎರಡೂವರೆ ಇಂಚು, 63.5 ಮಿ.ಮೀ. ಇದು ಯಾವಾಗಲೂ ಒಳವ್ಯಾಸ, ಯಾಕಂದ್ರೆ ಕೈ ಹೋಗೋದು ಒಳಗಿಂದ ತಾನೆ. 2.6 ಅಂದ್ರೆ 60.3, 2.4 ಅಂದ್ರೆ 57.2, 2.2 ಅಂದ್ರೆ 54 ಮಿ.ಮೀ. ನಮಗೆ ಕಳಿಸಿದವಳು ಹೊರವ್ಯಾಸ ಅಳೆದು ಚೀಟಿ ಅಂಟಿಸಿದ್ದಳು. ಬಳೆಯ ಗಾಜು ಒಂದೊಂದು ಬದಿ ಮೂರು ಮಿ.ಮೀ. ದಪ್ಪ, ಎರಡು ಬದಿ ಸೇರಿ ಆರು. ಒಂದು ಸೈಜಿಗೂ ಇನ್ನೊಂದಕ್ಕೂ ಇರೋ ವ್ಯತ್ಯಾಸ ಮೂರು ಮಿ.ಮೀ. ಸ್ವಲ್ಪ ಮೇಲೆ ಅಷ್ಟೆ. ಹಾಗಾಗಿ ಟೂ ಏಟ್ ಅಂತ ಬಂದಿದ್ದು ಅಸಲಿಗೆ ಟೂ ಫೋರ್. ತೆಳು ಬಳೆಯಲ್ಲಿ ಇದೇ ತಪ್ಪು ಮಾಡಿದ್ರೆ ಒಂದು ಸೈಜು ತಪ್ಪುತ್ತೆ, ಹೇಗೋ ಎಣ್ಣೆ ಸೋಪು ಹಾಕಿ ಏರಿಸಬಹುದೇನೋ. ದಪ್ಪ ಬಳೆ, ಕಡ ಅಂತ ಮಾರೋದರಲ್ಲಿ ಎರಡು ಸೈಜು ತಪ್ಪುತ್ತೆ. ಚಿನ್ನ, ಬೆಳ್ಳಿಯಾದ್ರೆ ಒಂಚೂರಾದ್ರೂ ಬಾಗುತ್ತೆ, ಗಾಜು ಎಲ್ಲಿ ಬಾಗುತ್ತೆ?

ಮೆಸೇಜ್ ಮಾಡಿದ್ದಕ್ಕೆ ಬಂದ ಉತ್ತರ: "ಹ್ಯಾಂಡ್‌ಮೇಡ್ ಅಲ್ವಾ ಸಿಸ್, ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತೆ. ಗಾಜಿನ ಐಟಂಗೆ ರಿಟರ್ನ್ ಇಲ್ಲ."

ಈ ಹ್ಯಾಂಡ್‌ಮೇಡ್ ಅನ್ನೋ ನೆಪಕ್ಕೆ ಮರುಳಾಗಬೇಡಿ. ನಮ್ಮಲ್ಲಿ ಸಿಗೋ ಗಾಜಿನ ಬಳೆ ಬಹುಪಾಲು ಬರೋದು ಉತ್ತರಪ್ರದೇಶದ ಫಿರೋಜಾಬಾದಿನಿಂದ, ಆಗ್ರಾ ಹತ್ತಿರ ಇದೆ ಆ ಊರು. ಅಲ್ಲಿ ಕುಲುಮೆಯಿಂದ ತೆಗೆದ ಕಾದ ಗಾಜನ್ನ ಎಳೆ ಎಳೆದು, ತಿರುಗೋ ಉರುಳೆ ಮೇಲೆ ಸ್ಪ್ರಿಂಗಿನ ಥರ ಸುತ್ತುತ್ತಾರೆ. ಆರಿದ ಮೇಲೆ ಉದ್ದಕ್ಕೆ ಗೀರಿ ಕತ್ತರಿಸಿದ್ರೆ ಒಂದೊಂದು ಸುತ್ತೂ ಬಾಯಿ ತೆರೆದ ಬಳೆ. ಆ ಬಾಯಿಗಳನ್ನ ಸಮ ಮಾಡಿ, ದೀಪದ ಉರಿಗೆ ಹಿಡಿದು ಕೂಡಿಸೋ ಕೆಲಸ ಮನೆಮನೆಯಲ್ಲಿ ನಡೆಯುತ್ತೆ, ಹೆಚ್ಚಾಗಿ ಹೆಂಗಸರೇ ಮಾಡ್ತಾರೆ. ಅಂದ್ರೆ ಒಳಗಿನ ಅಳತೆ ತೀರ್ಮಾನ ಆಗೋದು ಉರುಳೆಯಲ್ಲಿ. ಕೂಡಿಸುವಾಗ ಅಲ್ಪಸ್ವಲ್ಪ ಸೊಟ್ಟ ಆಗಬಹುದು, ಬೆಸುಗೆ ಗಂಟು ಗಂಟಾಗಿ ಉಳಿಯಬಹುದು, ಅದು ನಿಜ. ಆದ್ರೆ ಕೈಕೆಲಸದ ಹೆಚ್ಚುಕಮ್ಮಿ ಅಂದ್ರೆ ಒಂದು ದೊಡ್ಡದು, ಒಂದು ಚಿಕ್ಕದು ಇರಬೇಕು. ನಮಗೆ ಬಂದ ಡಬ್ಬದಲ್ಲಿ ಅಷ್ಟೂ ಬಳೆ 57ರ ಆಸುಪಾಸಲ್ಲೇ ಇದ್ದವು. ಹೆಚ್ಚು ಅನ್ನೋದು ಒಂದೂ ಇಲ್ಲ, ಬರೀ ಕಮ್ಮಿ. ನನ್ನ ಅನುಮಾನ, ಬಳ್ಳಿ ಬರೆದಿದ್ದಷ್ಟೇ ಅವಳ ಕೈಕೆಲಸ, ಬಳೆ ಸಗಟು ಅಂಗಡಿಯದ್ದು.

ಇನ್ನೊಂದು ಗುಂಡಿ ಇದೆ, ಅದಕ್ಕೆ ನಾವು ಬೀಳಲಿಲ್ಲ, ನೀವೂ ಬೀಳಬೇಡಿ. ಕೆಲವರು 2.4 ಅನ್ನೋದನ್ನ ನಿಜವಾಗಲೂ 2.4 ಇಂಚು ಅಂದ್ಕೊಂಡು "61 ಮಿ.ಮೀ." ಅಂತ ಪಟ್ಟಿಯಲ್ಲಿ ಹಾಕಿರ್ತಾರೆ. 61 ಅಂದ್ರೆ ಟೂ ಸಿಕ್ಸ್‌ಗಿಂತಲೂ ಒಂದು ಕೂದಲೆಳೆ ದೊಡ್ಡದು. ಅದನ್ನ ನಂಬಿ ಟೂ ಫೋರ್ ತರಿಸಿದ್ರೆ ಬರೋದು 57. ಹಾಗೇ 2.10 ಅನ್ನೋದು 2.8ಕ್ಕಿಂತ ದೊಡ್ಡ ಸೈಜು, 66.7 ಮಿ.ಮೀ. ಆ್ಯಪಿನಲ್ಲಿ ಸೈಜಿನ ಸಾಲು ನೋಡಿದ್ರೆ ಎಷ್ಟೋ ಕಡೆ ಅದನ್ನ 2.2ಕ್ಕಿಂತ ಮುಂಚೆ ಕೂರಿಸಿರುತ್ತೆ. ಮಗುವಿನ ಸೈಜು ಅಂದ್ಕೊಂಡು ಒತ್ತಿಬಿಡೋರು ಇದ್ದಾರೆ.

ಮನೇಲಿ ಅಳೆಯೋದು ಕಷ್ಟ ಅಲ್ಲ. ಮಣಿಕಟ್ಟು ಅಳೆದು ಕಳಿಸಿ ಅಂತಾರೆ ಕೆಲವು ಪುಟದವರು, ಅದು ಬ್ರೇಸ್‌ಲೆಟ್‌ಗೆ ಸರಿ, ಗಾಜಿನ ಬಳೆಗೆ ಏನೇನೂ ಪ್ರಯೋಜನ ಇಲ್ಲ. ಹೆಬ್ಬೆರಳನ್ನ ಕಿರುಬೆರಳ ಕಡೆಗೆ ಮಡಚಿ, ಬಳೆ ತೊಡೋವಾಗ ಹಿಡಿದ ಹಾಗೇ ಕೈ ಕಿರಿದು ಮಾಡಿ, ಗೆಣ್ಣಿನ ಹತ್ತಿರ ಅತಿ ಅಗಲ ಇರೋ ಕಡೆ ದಾರ ಸುತ್ತಿ. ಬಿಗಿಯೋದು ಬೇಡ. ದಾರ ಸ್ಕೇಲಿನ ಮೇಲೆ ಇಟ್ಟರೆ 17 ಸೆಂ.ಮೀ. ಬಂದ್ರೆ ಟೂ ಟೂ, 18 ಬಂದ್ರೆ ಟೂ ಫೋರ್, 19ಕ್ಕೆ ಟೂ ಸಿಕ್ಸ್, 20ಕ್ಕೆ ಟೂ ಏಟ್, 21ಕ್ಕೆ ಟೂ ಟೆನ್. ಸೆಂಟಿಮೀಟರಿಗೊಂದು ಸೈಜು, ಇಷ್ಟು ನೆನಪಿಟ್ಟರೆ ಯಾವ ಪಟ್ಟಿಯೂ ಬೇಡ. ನಡುವೆ ಬಂದ್ರೆ ಮೇಲಿನ ಸೈಜಿಗೆ ಹೋಗಿ. ಬಲಗೈ ಎಡಗೈ ಎರಡೂ ಅಳೀರಿ, ಒಂದೇ ಥರ ಇರೋದಿಲ್ಲ. ಬಸುರಿ ಹೆಂಗಸಿಗಾದ್ರೆ ಸಂಜೆ ಹೊತ್ತು ಅಳೆಯೋದು ಒಳ್ಳೇದು, ಊತ ಆಗ ಜಾಸ್ತಿ. ಐದನೇ ತಿಂಗಳ ಅಳತೆ ಇಟ್ಕೊಂಡು ಒಂಬತ್ತರ ಸೀಮಂತಕ್ಕೆ ತರಿಸಬೇಡಿ.

ಬಳೆಗಾರರು ಒಂದು ಸೈಜು ಕಮ್ಮಿ ಇರೋದನ್ನೂ ಕೈ ಹಿಸುಕಿ ಏರಿಸಿಬಿಡ್ತಾರೆ, ಅದು ನೋಡಿ ನಮಗೂ ಆಗುತ್ತೆ ಅನ್ನಿಸುತ್ತೆ. ಅವರು ತೊಡಿಸೋದು ತೆಳು ಬಳೆ, ದಿನಾ ಮಾಡೋ ಕೆಲಸ. ದಪ್ಪ ಗಾಜಿಗೆ ಆ ಸಾಹಸ ಬೇಡ. ಗೆಣ್ಣಿಗೆ ಸಿಕ್ಕಿಕೊಂಡು ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ನಿಂತರೆ, ತೆಳು ಪ್ಲಾಸ್ಟಿಕ್ ಕವರನ್ನ ಬಳೆಯೊಳಗಿಂದ ತೂರಿಸಿ, ಅದರ ಮೇಲೆ ಜಾರಿಸಿ ತೆಗೀರಿ. ತೊಡೋಕೆ ಮುಂಚೆ ಒಳಗಡೆ ಉಗುರು ಆಡಿಸಿ ನೋಡಿ, ಬೆಸುಗೆಯ ಹತ್ತಿರ ಉಗುರು ಸಿಕ್ಕಿಕೊಂಡರೆ ಆ ಬಳೆ ಪಕ್ಕಕ್ಕಿಡಿ. ನಮ್ಮ ಡಬ್ಬದಲ್ಲಿ ಅಂಥವೂ ಇದ್ದವು, ಚಿನ್ನದ ಬಣ್ಣ ಬಳಿದು ಮುಚ್ಚಿದ್ದಳು.

ಆರ್ಡರ್ ಮಾಡೋ ಮುಂಚೆ ಸೈಜು ನಂಬರ್ ಕೇಳೋದು ಬಿಡಿ. "ಒಳವ್ಯಾಸ ಎಷ್ಟು ಮಿಲಿಮೀಟರ್, ಬಳೆ ಮೇಲೆ ಸ್ಕೇಲ್ ಇಟ್ಟು ಫೋಟೋ ಕಳಿಸಿ" ಅಂತ ಕೇಳಿ. ಕಳಿಸೋಕೆ ಹಿಂದೆಮುಂದೆ ನೋಡಿದ್ರೆ ಅಲ್ಲಿಗೇ ಬಿಟ್ಟುಬಿಡಿ. ಬೆಂಗಳೂರಲ್ಲಿರೋರಿಗೆ ಬಳೇಪೇಟೆ ಇದ್ದೇ ಇದೆ. ಅಲ್ಲಿ ಜನಜಂಗುಳಿ, ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ಎಲ್ಲ ಒಪ್ಪಿದೆ. ಆದ್ರೂ ಅಂಗಡಿಯವನು ನಿಮ್ಮ ಕೈ ಒಂದು ಸಲ ನೋಡಿ ಸೈಜು ಹೇಳಿಬಿಡ್ತಾನೆ.

ದುಡ್ಡಿನ ವಿಷಯ. "ಗಾಜಿಗೆ ರಿಟರ್ನ್ ಇಲ್ಲ" ಅಂತ ಅವರು ಬರೆದುಕೊಂಡ ಮಾತ್ರಕ್ಕೆ ಮುಗೀಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರಲ್ಲಿ ಇ-ಕಾಮರ್ಸ್ ನಿಯಮ ಬಂದಿದೆ. ಹೇಳಿದ ಗುಣಲಕ್ಷಣ ಇಲ್ಲದ ಮಾಲನ್ನ ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನೋ ಹಾಗಿಲ್ಲ ಅಂತ ಅದರಲ್ಲಿದೆ. ವರ್ನಿಯರ್ ಹಿಡಿದ ಫೋಟೋ, 2.8 ಅಂತ ಇರೋ ಚೀಟಿ, ಅವಳ ಹಳೇ ಮೆಸೇಜು ಮೂರನ್ನೂ ಜೋಡಿಸಿ ಕಳಿಸಿದೆ. ಸುದ್ದಿ ಇಲ್ಲ. 1915, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅದಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆಯ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ "ಸಿಸ್" ಹೋಗಿ "ಮೇಡಮ್" ಆಯ್ತು. ಬಳೆಯ ದುಡ್ಡು ಬಂತು. ಕೊರಿಯರ್ ಖರ್ಚು ಇನ್ನೂ ಬಂದಿಲ್ಲ, ಕೇಳ್ತಾನೇ ಇದ್ದೀನಿ.